ಬೊಂಬೆಯ ಊರೂ ಸರಕಾರದ ಅನುದಾನವೂ

ಹಾಲೆಮರದ ಬೆಳ್ಳನೆಯ ತುಂಡೊಂದನ್ನು ಕಡೆಯುವ ಯಂತ್ರಕ್ಕೆ ಸಿಕ್ಕಿಸಿ ತಿರುಗಬಿಟ್ಟು, ಕುಶಲಕರ್ಮಿ ತನ್ನ ಕೈಯ ಉಳಿಯಿಂದ ಅದರ ಮೈಯನ್ನು ಮೆಲ್ಲನೆ ತಡವಿದರೆ ಮರದ ಸಿಪ್ಪೆ ಸುರುಳಿ ಸುರುಳಿಯಾಗಿ ಉದುರುತ್ತದೆ. ನೋಡುನೋಡುತ್ತಿದ್ದಂತೆ ತುಂಡಿಗೆ ಹೊಟ್ಟೆ, ಕೊರಳು, ತಲೆ ಮೂಡುತ್ತವೆ. ಆ ಬಳಿಕ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯುವುದುಂಟು. ಉಜ್ಜಿದ ಬಿಸಿಗೆ ಅರಗು ತಾನಾಗಿ ಕರಗಿ ಮರದ ಮೈಗೆ ಹತ್ತುತ್ತದೆ. ಕುಂಚವಿಲ್ಲ, ಎಣ್ಣೆಯಿಲ್ಲ, ಒಲೆಯಿಲ್ಲ. ಕೊನೆಯಲ್ಲಿ ತಾಳೆಗರಿಯ ಚೂರೊಂದನ್ನು ಮಡಿಸಿ ಅದುಮಿದರೆ ಕನ್ನಡಿಯಂಥ ಮೆರುಗು ಬರುತ್ತದೆ. ಬೆಂಗಳೂರಿನಿಂದ ಮೈಸೂರಿನ ದಿಕ್ಕಿಗೆ ಸುಮಾರು ೬೦ ಕಿಲೋಮೀಟರು ದೂರದಲ್ಲಿರುವ ಚನ್ನಪಟ್ಟಣದ ಬೊಂಬೆ ಹುಟ್ಟುವುದು ಹೀಗೆ. ಈ ಊರಿನ ಬೊಂಬೆಯನ್ನು ಹಿಡಿದು ಆಡದ ಕೂಸು ಹಳೆಯ ಮೈಸೂರಿನ ಸೀಮೆಯಲ್ಲಿ ಅಪರೂಪವೆಂದರೆ ಅದು ಬರಿಯ ಹೊಗಳಿಕೆಯಲ್ಲ.

ಇಷ್ಟು ಸರಳವಾಗಿ ತೋರುವ ಕೆಲಸದ ಹಿಂದೆ ಎಷ್ಟು ಕೈಗಳಿವೆಯೆಂಬುದು ಮಾತ್ರ ಅಂಗಡಿಯಲ್ಲಿ ನಿಂತು ಬೆಲೆ ಕೇಳುವವರಿಗೆ ತಿಳಿಯದು. ಮರ ತರುವವನೊಬ್ಬ. ಅದನ್ನು ಕೊಯ್ದು ತಿಂಗಳುಗಟ್ಟಲೆ ನೆರಳಿನಲ್ಲಿ ಒಣಗಿಸುವವನೊಬ್ಬ. ಮಧ್ಯಭಾರತದ ಕಾಡುಗಳಿಂದ ಬಂದ ಅರಗನ್ನು ಕಾಯಿಸಿ, ಬಣ್ಣವಿಟ್ಟು, ಎಳೆದು ಕಡ್ಡಿ ಮಾಡುವವನು ಮತ್ತೊಬ್ಬ. ಕಡೆಯುವವರಂತೂ ಸರಿಯೇ, ಅವರಲ್ಲಿಯೂ ಸ್ವಂತ ಯಂತ್ರವುಳ್ಳವರು ಬೇರೆ, ತುಂಡಿಗಿಷ್ಟೆಂದು ಕೂಲಿಗೆ ಕಡೆಯುವವರು ಬೇರೆ. ಕಣ್ಣು ಮೂಗು ಬರೆದು ಬಿಡಿಭಾಗಗಳನ್ನು ಜೋಡಿಸುವ ಕೆಲಸ ಹೆಚ್ಚಾಗಿ ಹೆಂಗಸರದು. ಈಚಿನ ದಶಕಗಳಲ್ಲಿ ಅವರು ಕಡೆಯುವ ಯಂತ್ರದ ಮುಂದೆಯೂ ಕುಳಿತಿದ್ದಾರೆ. ಇವರೆಲ್ಲರ ಮೇಲೆ ಅಂಗಡಿಯವನು, ಅವನ ಮೇಲೆ ಹೊರದೇಶಕ್ಕೆ ಸರಕು ಕಳುಹಿಸುವವನು. ಒಬ್ಬನು ಕೈಯೆತ್ತಿದರೆ ಉಳಿದವರ ಕೆಲಸ ನಿಲ್ಲುತ್ತದೆ. ಇವರೆಲ್ಲರೂ ಒಂದೇ ಊರಿನಲ್ಲಿ, ಒಂದೇ ಕೂಗಳತೆಯಲ್ಲಿ ನೆಲೆಸಿರುವುದರಿಂದಲೇ ಬೊಂಬೆ ಅಗ್ಗವಾಗಿದೆ, ಚೆನ್ನಾಗಿಯೂ ಇದೆ.

ಇಂಥ ಊರುಗಳಿಗೆ ಸರಕಾರದ ಕಾಗದಪತ್ರಗಳಲ್ಲಿ ‘ಕ್ಲಸ್ಟರ್’ ಎಂಬ ಹೆಸರು ಸಲ್ಲುತ್ತದೆ. ‘ಗುಚ್ಛ’ವೆಂದೂ ‘ಸಮೂಹ’ವೆಂದೂ ಅದನ್ನು ಕನ್ನಡಿಸಿದ್ದಾರೆ. ‘ಗೊಂಚಲು’ ಎಂದಿದ್ದರೆ ಹಳ್ಳಿಯವರಿಗೂ ತಿಳಿಯುತ್ತಿತ್ತು. ಒಂದೇ ತೊಟ್ಟಿಗೆ ಹಲವು ಕಾಯಿಗಳು ಕೂಡಿ ನಿಲ್ಲುವಂತೆ ಒಂದೇ ಕಸುಬು ಒಂದೇ ಊರಿಗೆ ಕಚ್ಚಿಕೊಳ್ಳುವುದು ಕನ್ನಡನಾಡಿಗೆ ಹೊಸತಲ್ಲ. ಇಳಕಲ್ಲಿನ ಸೀರೆ, ಮೊಳಕಾಲ್ಮೂರಿನ ರೇಷ್ಮೆ, ಬೀದರಿನ ಬಿದರಿ, ಕಿನ್ನಾಳದ ಬೊಂಬೆ — ಊರ ಹೆಸರೇ ಸರಕಿನ ಹೆಸರಾಗಿದೆ. ಬಿದರಿ ಕೆಲಸದವರು ಬೆಳ್ಳಿಯ ಕುಸುರಿಯುಳ್ಳ ಸತುವಿನ ಪಾತ್ರೆಯನ್ನು ಕರಿದಾಗಿಸಲು ಬೀದರಿನ ಕೋಟೆಯ ಮಣ್ಣನ್ನೇ ಬಳಸುತ್ತಾರೆ. ಆ ಮಣ್ಣನ್ನು ಬಿಟ್ಟು ಕಸುಬು ಎಲ್ಲಿಗೆ ಹೋದೀತು? ಆದರೆ ಎಲ್ಲ ಕಡೆಯೂ ಮಣ್ಣು ಮರಗಳೇ ಕಾರಣವಲ್ಲ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಆಲ್‌ಫ್ರೆಡ್ ಮಾರ್ಷಲ್ ೧೮೯೦ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಈ ಸಂಗತಿಯನ್ನು ವಿಚಾರಿಸಿದ್ದಾನೆ. ಒಂದು ಕಸುಬು ಬಹುಕಾಲ ಒಂದೆಡೆ ನಿಂತರೆ ಅಲ್ಲಿಯ ಮಕ್ಕಳು ಯಾರೂ ಕಲಿಸದೆಯೇ ಅದನ್ನು ಕಲಿಯುತ್ತಾರೆ. ಉಪಕಸುಬುಗಳು ಸುತ್ತ ಹಬ್ಬುತ್ತವೆ. ಕೆಲಸ ಬಲ್ಲವನಿಗೆ ಯಜಮಾನನೂ ಯಜಮಾನನಿಗೆ ಕೆಲಸ ಬಲ್ಲವನೂ ಹುಡುಕದೆ ದೊರೆಯುತ್ತಾರೆ. ಇವು ಅವನು ಕಂಡುಕೊಂಡ ಕಾರಣಗಳು. ಚನ್ನಪಟ್ಟಣದ ಬೀದಿಗಳಲ್ಲಿ ಒಂದು ಗಳಿಗೆ ಅಡ್ಡಾಡಿದವರಿಗೆ ಇದನ್ನು ಗ್ರಂಥದಿಂದ ಕಲಿಯಬೇಕಾದ ಅಗತ್ಯ ತೋರದು.

ಆದರೂ ಚನ್ನಪಟ್ಟಣ ತಾನಾಗಿಯೇ ಬೆಳೆದ ಗೊಂಚಲೆಂದು ಪೂರ್ತಿಯಾಗಿ ಹೇಳುವಂತಿಲ್ಲ. ಟಿಪ್ಪು ಸುಲ್ತಾನನು ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಯಿಸಿ ಇಲ್ಲಿಯವರಿಗೆ ಈ ಕೆಲಸವನ್ನು ಕಲಿಸಿದನೆಂದು ಐತಿಹ್ಯ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಬಾವಾಸ್ ಮಿಯಾ ಎಂಬವರು ಜಪಾನಿನ ಅರಗಿನ ಕೆಲಸದ ಪದ್ಧತಿಗಳನ್ನು ಇಲ್ಲಿಗೆ ತಂದರೆಂದೂ, ಇಂದಿನ ಬೊಂಬೆಯ ಮಾಟಕ್ಕೆ ಅವರೇ ಮೂಲಪುರುಷರೆಂದೂ ಊರವರು ಗೌರವದಿಂದ ಹೇಳುತ್ತಾರೆ. ಸ್ವಾತಂತ್ರ್ಯಾನಂತರ, ೧೯೬೪ರಲ್ಲಿ, ರಾಜ್ಯ ಸರಕಾರ ಕರಕುಶಲ ಅಭಿವೃದ್ಧಿ ನಿಗಮವನ್ನು ಸ್ಥಾಪಿಸಿತು. ‘ಕಾವೇರಿ’ ಮಳಿಗೆಗಳ ಮೂಲಕ ಬೊಂಬೆ ಪೇಟೆಯನ್ನು ಕಂಡಿತು. ಮುಂದೆ ರಾಜ್ಯದ ‘ವಿಶ್ವ’ ಯೋಜನೆಯ ಹಣ ಬಂದಿತು. ಅದರೊಂದಿಗೆ ನೆದರ್‌ಲೆಂಡ್ಸ್ ಸರಕಾರದ ನೆರವೂ ಕೂಡಿತು. ಊರಿನಲ್ಲಿ ೩೨ ಕಡೆಯುವ ಯಂತ್ರಗಳುಳ್ಳ ಅರಗಿನ ಕಸುಬಿನ ಸಂಕೀರ್ಣವೊಂದು ಎದ್ದಿತು. ಅರಸನ ಕಾಲದಿಂದ ಇಂದಿನವರೆಗೆ ಈ ಬೊಂಬೆಯ ಬೆನ್ನಿಗೆ ಯಾವುದೋ ಒಂದು ಸರಕಾರದ ಕೈ ಇದ್ದೇ ಇದೆ. ಆದುದರಿಂದ ಸರಕಾರ ನೆರವು ಕೊಡಬೇಕೆ ಬೇಡವೆ ಎಂಬ ಚರ್ಚೆಗೆ ಇಲ್ಲಿ ಅರ್ಥವಿಲ್ಲ. ಕೊಟ್ಟ ಹಣ ಮರದ ಮುಂದೆ ಉಳಿ ಹಿಡಿದು ಕುಳಿತವನ ಬಳಿಗೆ ತಲಪುವುದು ಯಾವ ದಾರಿಯಿಂದ, ಅದು ಎಲ್ಲಿ ತಡೆಯುತ್ತದೆ — ವಿಚಾರಿಸಬೇಕಾದುದು ಇದು.

ಮೊದಲಲ್ಲಿ ನಮ್ಮ ದೇಶದ ಸರಕಾರ ಸಣ್ಣ ಕೈಗಾರಿಕೆಗಳಿಗೆ ಜಾಗವನ್ನು ಒದಗಿಸುವ ಉಪಾಯವನ್ನು ಹಿಡಿಯಿತು. ೧೯೫೫ರಲ್ಲಿ ಕೈಗಾರಿಕಾ ವಸಾಹತುಗಳ ಕಾರ್ಯಕ್ರಮ ಆರಂಭವಾಯಿತು. ಗುಜರಾತಿನ ರಾಜಕೋಟೆಯಲ್ಲಿ ಮೊದಲನೆಯ ವಸಾಹತು ಎದ್ದಿತು. ಷೆಡ್ಡು, ವಿದ್ಯುತ್ತು, ನೀರು ಕೊಟ್ಟರೆ ಕಸುಬುದಾರನು ಅಲ್ಲಿಗೆ ಬಂದು ನೆಲೆಸುವನೆಂಬುದು ಅಂದಿನ ನಂಬಿಕೆ. ಹಲವೆಡೆ ಅದು ಫಲಿಸಿತು, ಹಲವೆಡೆ ಷೆಡ್ಡುಗಳು ಮಾತ್ರ ಉಳಿದವು. ೧೯೯೭ರಲ್ಲಿ ಅಬಿದ್ ಹುಸೇನರ ಅಧ್ಯಕ್ಷತೆಯ ತಜ್ಞರ ಸಮಿತಿ ತನ್ನ ವರದಿಯನ್ನು ಒಪ್ಪಿಸಿ, ಬಿಡಿ ಘಟಕಗಳಿಗೆ ಹಣ ಹಂಚುವುದಕ್ಕಿಂತ ಕಸುಬು ಈಗಾಗಲೇ ಕೂಡಿರುವ ಊರುಗಳನ್ನೇ ಹಿಡಿದು ನೆರವಾಗುವುದು ಲೇಸೆಂದು ಸೂಚಿಸಿತು. ಆ ಬಳಿಕ ಯೋಜನೆಗಳು ಒಂದರ ಹಿಂದೊಂದು ಬಂದವು: ೨೦೦೩ರಲ್ಲಿ ಸಣ್ಣ ಕೈಗಾರಿಕೆಗಳ ಗೊಂಚಲು ಅಭಿವೃದ್ಧಿಯ ಕಾರ್ಯಕ್ರಮ, ೨೦೦೭ರಲ್ಲಿ ಅದೇ ಹಿಗ್ಗಿ ಅತಿಸಣ್ಣ ಹಾಗೂ ಸಣ್ಣ ಉದ್ದಿಮೆಗಳ ಕಾರ್ಯಕ್ರಮ, ೨೦೦೫ರಲ್ಲಿ ಸಾಂಪ್ರದಾಯಿಕ ಕಸುಬುಗಳಿಗೆಂದೇ ‘ಸ್ಫೂರ್ತಿ’. ಇಂಗ್ಲಿಷಿನ ಉದ್ದನೆಯ ಹೆಸರೊಂದರ ಮೊದಲಕ್ಷರಗಳನ್ನು ಹೇಗೋ ಒತ್ತಿ ಕೂಡಿಸಿ ಈ ಸಂಸ್ಕೃತ ಶಬ್ದವನ್ನು ಹೊರಡಿಸಿದ ಅಧಿಕಾರಿ ಯಾರೋ ರಸಿಕನಿರಬೇಕು.

ಈ ಯೋಜನೆಗಳ ಮರ್ಮವಿರುವುದು ‘ಸಾಮಾನ್ಯ ಸೌಲಭ್ಯ ಕೇಂದ್ರ’ವೆಂಬ ಕಲ್ಪನೆಯಲ್ಲಿ. ಒಬ್ಬೊಬ್ಬನೂ ತನ್ನ ಹಣದಿಂದ ಕೊಳ್ಳಲಾರದ ಯಂತ್ರವನ್ನು ಎಲ್ಲರೂ ಕೂಡಿ ಕೊಂಡು, ಬಾಡಿಗೆ ಕೊಟ್ಟು ಬಳಸುವುದು. ಕೊಳ್ಳುವ ವೆಚ್ಚದ ಬಹುಭಾಗವನ್ನು ಸರಕಾರ ಅನುದಾನವಾಗಿ ಕೊಡುವುದು. ಹಿಂದೆ ಹಳ್ಳಿಗೊಂದು ಎಣ್ಣೆಯ ಗಾಣವಿರುತ್ತಿದ್ದ ರೀತಿಯೇ ಇದು ಎನ್ನಬಹುದು. ಚನ್ನಪಟ್ಟಣದಂಥ ಊರಿಗೆ ಹಸಿಮರವನ್ನು ದಿನಗಳಲ್ಲಿ ಒಣಗಿಸುವ ಬಿಸಿಗೂಡು, ಮರವನ್ನೂ ಅರಗನ್ನೂ ಸಗಟಾಗಿ ಕೊಂಡಿಟ್ಟು ಸಣ್ಣವನಿಗೆ ಸಗಟು ಬೆಲೆಗೇ ಕೊಡುವ ಉಗ್ರಾಣ, ಬಣ್ಣದಲ್ಲಿ ಸೀಸವಿದೆಯೆ ಇಲ್ಲವೆ ಎಂದು ಪರೀಕ್ಷಿಸುವ ಪ್ರಯೋಗಶಾಲೆ — ಇವು ಬೇಕೆಂದು ಯಾರಾದರೂ ಒಪ್ಪುವರು. ಹಸಿಮರದಿಂದ ಕಡೆದ ಬೊಂಬೆ ತಿಂಗಳೊಪ್ಪತ್ತಿನಲ್ಲಿ ಬಿರಿಯುತ್ತದೆ. ಬಿರಿದ ಬೊಂಬೆ ಒಬ್ಬನ ಅಂಗಡಿಯದಾದರೂ ಕೆಡುವುದು ಊರ ಹೆಸರು. ಇಂಥ ಕೆಲಸಕ್ಕೆ ಪೈಪೋಟಿಯವರು ಕೂಡಿ ನಿಲ್ಲಲೇಬೇಕು, ಸರಕಾರ ಬೆನ್ನಿಗೆ ನಿಲ್ಲಲೂಬೇಕು.

ಅನುದಾನದ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡುವುದು ಉಚಿತ. ಅತಿಸಣ್ಣ ಹಾಗೂ ಸಣ್ಣ ಉದ್ದಿಮೆಗಳ ಕಾರ್ಯಕ್ರಮದಲ್ಲಿ ಕೇಂದ್ರ ಸರಕಾರ ಸಾಮಾನ್ಯವಾಗಿ ವೆಚ್ಚದ ಶೇಕಡ ೭೦ರಷ್ಟನ್ನು ವಹಿಸುವ ಪದ್ಧತಿ ಬಂದಿತು. ೨೦೨೨ರ ತಿದ್ದುಪಡಿಯಲ್ಲಿ ದೊಡ್ಡ ಕೇಂದ್ರಗಳಿಗೆ ಅದು ಶೇಕಡ ೬೦ಕ್ಕಿಳಿಯಿತು. ‘ಸ್ಫೂರ್ತಿ’ಯಲ್ಲಿ ಕಸುಬುದಾರರು ಹಾಕಬೇಕಾದ ಪಾಲು ಇನ್ನೂ ಕಡಿಮೆ, ಶೇಕಡ ೧೦ ಮಾತ್ರ. ತಿದ್ದಿದ ನಿಯಮಗಳಂತೆ ೫೦೦ ಜನರ ವರೆಗಿನ ಗೊಂಚಲಿಗೆ ೨.೫ ಕೋಟಿ ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ ೫ ಕೋಟಿ ರೂಪಾಯಿ ಎಂದು ಅದರ ಮೇರೆಯನ್ನು ಗೊತ್ತುಮಾಡಿದರು. ಆದರೆ ಈ ಹಣ ಊರಿಗೆ ಬರುವುದಿಲ್ಲ, ಊರವರು ಕಟ್ಟಿಕೊಂಡ ಸಂಸ್ಥೆಯೊಂದಕ್ಕೆ ಬರುತ್ತದೆ. ‘ವಿಶೇಷ ಉದ್ದೇಶದ ಸಂಸ್ಥೆ’ ಎಂಬುದು ಅದರ ಹೆಸರು. ಕಂಪನಿಯಾಗಿಯೋ ಸಹಕಾರ ಸಂಘವಾಗಿಯೋ ಅದನ್ನು ನೋಂದಾಯಿಸಬೇಕು, ಸದಸ್ಯರು ಪಾಲು ಬಂಡವಾಳ ಕಟ್ಟಬೇಕು, ಜಾಗ ತೋರಿಸಬೇಕು, ಕೇಂದ್ರ ಎದ್ದ ಮೇಲೆ ಅದನ್ನು ನಡೆಸುವ ಖರ್ಚನ್ನು ಬಾಡಿಗೆಯಿಂದಲೇ ಹುಟ್ಟಿಸಿಕೊಳ್ಳಬೇಕು.

ಒಂದು ಕೋಟಿ ರೂಪಾಯಿಯ ಕೇಂದ್ರವೆಂದು ಉದಾಹರಣೆಗಾಗಿ ಇಟ್ಟುಕೊಳ್ಳೋಣ. ಶೇಕಡ ೧೦ ಎಂದರೆ ೧೦ ಲಕ್ಷ. ಸಂಸ್ಥೆಯಲ್ಲಿ ೨೦ ಜನ ಸದಸ್ಯರಿದ್ದರೆ ತಲೆಗೆ ೫೦ ಸಾವಿರ. ೨೦೦ ಜನರಿದ್ದರೆ ತಲೆಗೆ ೫ ಸಾವಿರ. ಐವತ್ತು ಸಾವಿರವನ್ನು ಒಮ್ಮೆಗೇ ಎಣಿಸಿ ಕೊಟ್ಟು, ಫಲಕ್ಕಾಗಿ ಎರಡು ಮೂರು ವರ್ಷ ಕಾಯಬಲ್ಲವರು ಯಾರು? ಅಂಗಡಿಯುಳ್ಳವರು, ಹೊರದೇಶದ ಆರ್ಡರು ಹಿಡಿಯುವವರು. ಐದು ಸಾವಿರವನ್ನು ಕೂಲಿಯವನೂ ಸಾಲಸೋಲ ಮಾಡಿ ತಂದಾನು. ಆದರೆ ೨೦೦ ಜನರನ್ನು ಒಂದು ಕಾಗದಕ್ಕೆ ಸಹಿ ಹಾಕಿಸಿ, ಒಂದು ಸಭೆಗೆ ಕರೆದು, ಒಂದು ಮಾತಿಗೆ ತರುವುದು ಎಷ್ಟು ಕಷ್ಟವೆಂಬುದನ್ನು ಸಹಕಾರ ಸಂಘ ನಡೆಸಿದವರನ್ನು ಕೇಳಬೇಕು. ಅರ್ಜಿಗೆ ಗಡುವಿದೆ, ಅಧಿಕಾರಿಗೆ ವರ್ಷಾಂತ್ಯದೊಳಗೆ ಹಣ ಮಂಜೂರಾಗಬೇಕೆಂಬ ಆತುರವಿದೆ. ಹೀಗಿರುವಲ್ಲಿ ಇಪ್ಪತ್ತು ಜನರ ಸಂಸ್ಥೆ ಬೇಗನೆ ಹುಟ್ಟುವುದೂ ಇನ್ನೂರು ಜನರದು ಹುಟ್ಟದೇ ಹೋಗುವುದೂ ಸಹಜ. ಯೋಜನೆ ರೂಪಿಸಿದವರು ಇದನ್ನು ಕಾಣದವರಲ್ಲ; ಸಂಸ್ಥೆಗೆ ಕನಿಷ್ಠ ಇಷ್ಟು ಸದಸ್ಯರಿರಬೇಕೆಂದೂ, ಒಬ್ಬನ ಕೈಯಲ್ಲಿ ಇಂತಿಷ್ಟಕ್ಕಿಂತ ಹೆಚ್ಚು ಪಾಲು ಸೇರಕೂಡದೆಂದೂ ಷರತ್ತು ಹಾಕಿದ್ದಾರೆ. ಪಾಲು ಸಮವಾಗಿದ್ದರೂ ಮಾತು ಸಮವಾಗಿರುವುದೆಂಬ ಭರವಸೆಯನ್ನು ಯಾವ ಷರತ್ತೂ ಕೊಡಲಾರದು. ಅಂಗಡಿಯವನಿಂದ ಮುಂಗಡ ಪಡೆದು ಕಡೆಯುವವನು ಅದೇ ಅಂಗಡಿಯವನ ವಿರುದ್ಧ ಸಭೆಯಲ್ಲಿ ಕೈಯೆತ್ತುವುದುಂಟೆ?

ಇನ್ನು, ತುಂಡುಗೂಲಿಯವನು ‘ಉದ್ದಿಮೆ’ಯೇ ಅಲ್ಲ, ಅವನ ಹೆಸರಿನಲ್ಲಿ ನೋಂದಣಿಯಿಲ್ಲ, ಲೆಕ್ಕಪುಸ್ತಕವಿಲ್ಲ. ಗೊಂಚಲಿನ ಜನಸಂಖ್ಯೆಯನ್ನು ಹೇಳುವಾಗ ಅವನನ್ನು ಎಣಿಸುತ್ತಾರೆ, ಸಂಸ್ಥೆಯ ಸದಸ್ಯರನ್ನು ಎಣಿಸುವಾಗ ಬಿಡುತ್ತಾರೆ. ೨೦೨೩ರ ಸೆಪ್ಟೆಂಬರ್ ೧೭ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆ ಈ ಕೊರತೆಯನ್ನು ಒಂದು ಬಗೆಯಲ್ಲಿ ತುಂಬಲು ನೋಡಿತು. ಅದು ಹೆಸರಿಸಿದ ೧೮ ಕಸುಬುಗಳಲ್ಲಿ ಸಾಂಪ್ರದಾಯಿಕ ಬೊಂಬೆ ಮಾಡುವವರದೂ ಒಂದು. ಕಸುಬುದಾರನು ಒಬ್ಬೊಬ್ಬನಾಗಿಯೇ ಅರ್ಜಿ ಹಾಕಬಹುದು. ಉಪಕರಣಕ್ಕೆಂದು ೧೫ ಸಾವಿರ ರೂಪಾಯಿ, ತರಬೇತಿಯ ದಿನಗಳಿಗೆ ದಿನಕ್ಕೆ ೫೦೦ ರೂಪಾಯಿ, ಶೇಕಡ ೫ರ ಬಡ್ಡಿಗೆ ಮೊದಲು ಒಂದು ಲಕ್ಷ, ಬಳಿಕ ಎರಡು ಲಕ್ಷದ ಸಾಲ — ಇವು ಅದರ ಅಂಗಗಳು. ಒಳ್ಳೆಯದೇ. ಆದರೆ ಉಳಿಯನ್ನೂ ಸಾಲವನ್ನೂ ಒಬ್ಬನಿಗೆ ಕೊಡಬಹುದು; ಒಣಗಿಸುವ ಬಿಸಿಗೂಡನ್ನು ಒಬ್ಬನಿಗೆ ಕೊಡಲಾಗದು. ಗೊಂಚಲಿನ ಯೋಜನೆ ಸಣ್ಣವನನ್ನು ತಲಪುವುದಿಲ್ಲ, ಸಣ್ಣವನನ್ನು ತಲಪುವ ಯೋಜನೆ ಗೊಂಚಲನ್ನು ಕಟ್ಟುವುದಿಲ್ಲ. ನಡುವಣ ಸೇತುವೆ ಇನ್ನೂ ಆಗಬೇಕಾಗಿದೆ.

ಸಾಮಾನ್ಯ ಸೌಲಭ್ಯವು ನಿಜವಾಗಿ ಸಾಮಾನ್ಯರದಾದ ಉದಾಹರಣೆಗಳೇ ಇಲ್ಲವೆಂದು ಭಾವಿಸಬಾರದು. ಬೆಳಗಾವಿಯ ಎರಕದ ಕಾರ್ಖಾನೆಗಳವರು ೨೦೦೩ರಲ್ಲಿ ಹುಟ್ಟಿದ ಕೈಗಾರಿಕಾ ಮೂಲಸೌಕರ್ಯ ಸುಧಾರಣಾ ಯೋಜನೆಯ ನೆರವನ್ನು ಪಡೆದು ಕೂಡಿ ನಿಂತರು. ಆ ಯೋಜನೆಯಲ್ಲಿ ಕೇಂದ್ರದ ಪಾಲು ವೆಚ್ಚದ ಶೇಕಡ ೭೫ರ ವರೆಗೆ, ೫೦ ಕೋಟಿ ರೂಪಾಯಿಗೆ ಮೀರದಂತೆ ಇದ್ದಿತು. ಎರಕದವರಿಗೆ ಕೂಡುವ ಅಗತ್ಯ ಕಣ್ಣಿಗೆ ಕಾಣುವಂಥದು: ಅಚ್ಚಿಗೆ ಬಳಸಿದ ಮರಳು ಬೆಟ್ಟದಂತೆ ಬೀಳುತ್ತದೆ, ಅದನ್ನು ಎಸೆಯಲು ಜಾಗವಿಲ್ಲ, ಹೊಸ ಮರಳು ಸಿಗುವುದು ದುಬಾರಿ. ಯಾರೂ ಯಾರಿಂದಲೂ ಮುಚ್ಚಿಡಬೇಕಾದ ಗುಟ್ಟು ಮರಳಿನಲ್ಲಿಲ್ಲ. ಇಂಥ ವಸ್ತುವಿನ ಸುತ್ತ ಪೈಪೋಟಿಯವರೂ ಒಂದಾಗುತ್ತಾರೆ.

ಕೂಡದೆ ಹೋದರೆ ಆಗುವ ಅನಾಹುತಕ್ಕೆ ನೆರೆಯ ತಮಿಳುನಾಡಿನ ತಿರುಪ್ಪೂರು ಸಾಕ್ಷಿ. ಒಂದೇ ಕಸುಬು ಒಂದೇ ಊರಿನಲ್ಲಿ ಕೂಡಿದಾಗ ಲಾಭ ಮಾತ್ರ ಕೂಡುವುದಿಲ್ಲ, ಕೊಳೆಯೂ ಕೂಡುತ್ತದೆ. ಹತ್ತಿಯ ಹೆಣೆದ ಬಟ್ಟೆಗಳಿಗೆ ಲೋಕದಲ್ಲೆಲ್ಲ ಹೆಸರಾದ ಆ ಊರಿನ ಬಣ್ಣದ ಕಾರ್ಖಾನೆಗಳು ತಮ್ಮ ಉಪ್ಪುನೀರನ್ನು ನೊಯ್ಯಲ್ ನದಿಗೆ ಬಿಟ್ಟವು. ಕೆಳಗಡೆ ೧೯೯೨ರಲ್ಲಿ ನೀರಾವರಿಗೆಂದು ಕಟ್ಟಿದ ಒರತ್ತುಪಾಳೆಯಂ ಅಣೆಕಟ್ಟೆಯಲ್ಲಿ ಬಣ್ಣದ ನೀರೇ ತುಂಬಿ ನಿಂತು, ರೈತರು ಅಣೆಕಟ್ಟೆಯ ನೀರು ತಮಗೆ ಬೇಡವೆಂದು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ೨೦೧೧ರ ಜನವರಿಯಲ್ಲಿ ಮದರಾಸು ಉಚ್ಚ ನ್ಯಾಯಾಲಯ ೭೦೦ಕ್ಕೂ ಹೆಚ್ಚು ಬಣ್ಣದ ಘಟಕಗಳನ್ನು ಮುಚ್ಚಲು ಆಜ್ಞೆ ಮಾಡಿತು. ನೀರನ್ನು ಶುದ್ಧಿಮಾಡಿ ಒಂದು ತೊಟ್ಟನ್ನೂ ಹೊರಬಿಡದೆ ಮತ್ತೆ ಬಳಸುವ ಸಾಮೂಹಿಕ ಸ್ಥಾವರಗಳಿಗೆ ಸರಕಾರದ ಹಣವೂ ಉದ್ಯಮಿಗಳ ಹಣವೂ ಹರಿದು, ಊರು ಮತ್ತೆ ಚೇತರಿಸಿಕೊಂಡಿತು. ನದಿ ಕೆಡುವ ಮೊದಲು ಅದರ ಅಲ್ಪಭಾಗವನ್ನು ಖರ್ಚುಮಾಡಿದ್ದರೆ ಸಾಕಾಗುತ್ತಿತ್ತೆಂದು ಈಗ ಹೇಳುವುದು ಸುಲಭ.

ಚನ್ನಪಟ್ಟಣದ ಬೊಂಬೆ ಯಾವ ನದಿಯನ್ನೂ ಕೆಡಿಸಿಲ್ಲ. ಅರಿಶಿನ, ನೀಲಿ ಮೊದಲಾದ ಸಸ್ಯದ ಬಣ್ಣಗಳಿಂದಲೇ ಅರಗಿಗೆ ರಂಗು ಕೊಡುವ ಪದ್ಧತಿಯನ್ನು ಇಲ್ಲಿಯವರು ಬೆಳೆಸಿರುವುದರಿಂದ, ಎಲ್ಲವನ್ನೂ ಬಾಯಿಗಿಡುವ ಕೂಸುಗಳ ತಾಯಂದಿರಿಗೆ ಇದು ನಚ್ಚಿನ ಆಟಿಕೆ. ೨೦೦೫-೦೬ರಲ್ಲಿ ‘ಭೌಗೋಳಿಕ ಸೂಚಕ’ದ ನೋಂದಣಿಯೂ ದೊರೆತು, ಬೇರೆಡೆ ಮಾಡಿದ ಬೊಂಬೆಗೆ ಚನ್ನಪಟ್ಟಣದ ಹೆಸರು ಹಚ್ಚುವಂತಿಲ್ಲವೆಂದಾಯಿತು. ೨೦೨೦ರ ಫೆಬ್ರವರಿಯಲ್ಲಿ ಆಮದಾಗುವ ಆಟಿಕೆಗಳ ಸುಂಕವನ್ನು ಶೇಕಡ ೨೦ರಿಂದ ೬೦ಕ್ಕೇರಿಸಿದರು, ೨೦೨೩ರಲ್ಲಿ ೭೦ಕ್ಕೆ. ೨೦೨೧ರ ಜನವರಿ ೧ರಿಂದ ಆಟಿಕೆಗಳಿಗೆ ಗುಣಮಟ್ಟದ ಮುದ್ರೆ ಕಡ್ಡಾಯವಾಯಿತು. ಈ ಕೊನೆಯ ಆಜ್ಞೆ ಚೀನದ ಪ್ಲಾಸ್ಟಿಕ್ಕಿಗೆಂದು ಹೂಡಿದ ಬಾಣ. ಅದು ಚನ್ನಪಟ್ಟಣದ ಬಡ ಕುಶಲಕರ್ಮಿಗೂ ನಾಟುವುದರಲ್ಲಿತ್ತು. ಕರಕುಶಲ ಇಲಾಖೆಯಲ್ಲಿ ನೋಂದಾಯಿಸಿಕೊಂಡವರಿಗೂ ಭೌಗೋಳಿಕ ಸೂಚಕದ ಅಧಿಕೃತ ಬಳಕೆದಾರರಿಗೂ ೨೦೨೦ರ ಡಿಸೆಂಬರಿನಲ್ಲಿ ವಿನಾಯಿತಿ ಕೊಟ್ಟುದರಿಂದ ಉಳಿದರು. ಇಲ್ಲಿಯೂ ನೋಂದಣಿ ಬಲ್ಲವನೇ ಗೆದ್ದನೆಂಬುದನ್ನು ವಾಚಕರು ಗಮನಿಸಬೇಕು.

ಇಷ್ಟೆಲ್ಲ ನೆರವನ್ನು ಒಂದು ತಕ್ಕಡಿಯಲ್ಲಿಟ್ಟರೆ, ಮತ್ತೊಂದರಲ್ಲಿ ಇಡಬೇಕಾದುದು ಒಂದು ರಸ್ತೆ. ಬೆಂಗಳೂರು–ಮೈಸೂರು ಹೆದ್ದಾರಿ ಹಿಂದೆ ಚನ್ನಪಟ್ಟಣದ ನಡುವೆಯೇ ಹಾಯುತ್ತಿತ್ತು. ಮೈಸೂರಿಗೆ ಹೊರಟ ಪ್ರವಾಸಿಗಳು ಕಾಫಿಗೆಂದು ಇಳಿದವರು ರಸ್ತೆಯ ಬದಿಯ ಅಂಗಡಿಯಿಂದ ಕುದುರೆಯನ್ನೋ ಗಿಲಕಿಯನ್ನೋ ಕೊಂಡು ಹತ್ತುತ್ತಿದ್ದರು. ಜಾಹಿರಾತಿಲ್ಲ, ದಲ್ಲಾಳಿಯಿಲ್ಲ, ಸರಕು ಸಾಗಿಸುವ ಖರ್ಚಿಲ್ಲ. ಪೇಟೆಯೇ ಕಾರಿನಲ್ಲಿ ಕುಳಿತು ಬಾಗಿಲಿಗೆ ಬರುತ್ತಿತ್ತು. ೨೦೨೩ರ ಮಾರ್ಚ್ ೧೨ರಂದು ಸುಮಾರು ೧೧೮ ಕಿಲೋಮೀಟರಿನ ಹೊಸ ಹೆದ್ದಾರಿಯ ಉದ್ಘಾಟನೆಯಾಯಿತು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳನ್ನೆಲ್ಲ ಬಳಸಿ ಅದು ನೇರವಾಗಿ ಮೈಸೂರಿಗೆ ಓಡುತ್ತದೆ. ಪ್ರಯಾಣದ ಹೊತ್ತು ಅರ್ಧಕ್ಕಿಳಿಯಿತೆಂದು ಪ್ರಯಾಣಿಕರು ಹರ್ಷಪಟ್ಟರು. ಹಳೆಯ ರಸ್ತೆಯ ಬದಿಯ ಬೊಂಬೆಯಂಗಡಿಗಳಲ್ಲಿ ಗಿರಾಕಿಗಳು ವಿರಳವಾದರು. ರಸ್ತೆಯಾಗಬಾರದಿತ್ತೆಂದು ಯಾರೂ ಹೇಳಲಾರರು. ಆದರೆ ಒಂದು ಇಲಾಖೆ ಊರಿನ ಬೊಂಬೆಗೆಂದು ಲಕ್ಷಗಳನ್ನು ಅನುದಾನವಾಗಿ ಕೊಡುತ್ತಿರುವಾಗ, ಇನ್ನೊಂದು ಇಲಾಖೆ ಎಳೆದ ಗೆರೆಯೊಂದರಿಂದ ಅದೇ ಊರಿನ ಸಂತೆ ಕದಲಿತು. ನಕ್ಷೆ ಬರೆಯುವ ದಿನವೇ ಹೊಸ ಹೆದ್ದಾರಿಯ ಬದಿಯಲ್ಲಿ ಬೊಂಬೆಗಳಿಗೊಂದು ತಂಗುದಾಣದ ಜಾಗವನ್ನು ಗುರುತು ಹಾಕಿಟ್ಟಿದ್ದರೆ ತಗಲುತ್ತಿದ್ದ ವೆಚ್ಚ ಒಂದು ಸಾಮಾನ್ಯ ಸೌಲಭ್ಯ ಕೇಂದ್ರದ ವೆಚ್ಚಕ್ಕಿಂತ ಹೆಚ್ಚಾಗುತ್ತಿರಲಿಲ್ಲ.

ಮರದ ಮಾತೂ ಹೀಗೆಯೇ. ಹಾಲೆ — ಅಲ್ಲಿಯವರ ಬಾಯಲ್ಲಿ ‘ಆಲೆ’ — ದಂತದಂತೆ ಬಿಳಿದು, ನವುರಾದ ಎಳೆಯದು, ಉಳಿಗೆ ಬಾಗುವಂಥದು. ಈ ಕೆಲಸಕ್ಕೆ ಅದನ್ನು ಮೀರಿಸಿದ ಮರವಿಲ್ಲ. ಅದು ವರ್ಷಕ್ಕೆ ಬೆಳೆಯುವ ಬೆಳೆಯಲ್ಲ. ಈಗ ರಬ್ಬರಿನ ಮರ ಮೊದಲಾದುವನ್ನೂ ಬಳಸುತ್ತಿದ್ದಾರೆ. ಅನುದಾನದ ಯೋಜನೆಗಳು ಮೂರು ಅಥವಾ ಐದು ವರ್ಷಗಳ ಲೆಕ್ಕದಲ್ಲಿ ನಡೆಯುತ್ತವೆ. ಅಷ್ಟರಲ್ಲಿ ಯಂತ್ರ ಬರಬೇಕು, ಕಟ್ಟಡ ಏಳಬೇಕು, ಹಣ ಖರ್ಚಾದ ಪ್ರಮಾಣಪತ್ರ ಹೋಗಬೇಕು. ಐದು ವರ್ಷದೊಳಗೆ ಕಡೆಯಲು ಬಾರದ ಗಿಡವನ್ನು ನೆಡಲು ಅಂಥ ಲೆಕ್ಕದಲ್ಲಿ ಕಾಲವಿಲ್ಲ. ಕಟ್ಟಡಕ್ಕೆ ಉದ್ಘಾಟನೆಯುಂಟು, ಹಾಲೆಯ ತೋಪಿಗೆ ಉದ್ಘಾಟನೆ ಯಾರು ಮಾಡುತ್ತಾರೆ?

ಈ ನಡುವೆ ಬೊಂಬೆಯ ಗೊಂಚಲೊಂದನ್ನು ಬಯಲಿನಲ್ಲಿ ಹೊಸದಾಗಿಯೇ ಬೆಳೆಸುವ ಸಾಹಸವೂ ಕರ್ನಾಟಕದಲ್ಲಿ ನಡೆದಿದೆ. ಕೊಪ್ಪಳ ಜಿಲ್ಲೆಯ ಭಾನಾಪುರದ ಬಳಿ ಸುಮಾರು ೪೦೦ ಎಕರೆಗಳಲ್ಲಿ ಆಟಿಕೆಗಳ ಕೈಗಾರಿಕಾ ವಲಯಕ್ಕೆ ೨೦೨೧ರ ಜನವರಿಯಲ್ಲಿ ಅಡಿಗಲ್ಲು ಬಿದ್ದಿತು. ಖಾಸಗಿ ಸಂಸ್ಥೆಯೊಂದು ಅದನ್ನು ಕಟ್ಟುವುದು, ರಾಜ್ಯ ಸರಕಾರ ರಿಯಾಯಿತಿಗಳನ್ನು ಕೊಡುವುದು ಎಂದು ಏರ್ಪಾಟು. ಇದು ಯಂತ್ರದ ಅಚ್ಚಿನಲ್ಲಿ ಸಾವಿರಗಟ್ಟಲೆ ತೆಗೆಯುವ ಆಟಿಕೆಗಳ ಲೋಕ. ಅಲ್ಲಿ ಒಬ್ಬನ ಕೈಗುರುತು ಇನ್ನೊಬ್ಬನದರಿಂದ ಬೇರೆಯಾಗಿರಬಾರದು. ಬರಗಾಲದ ಸೀಮೆಯ ಹುಡುಗ ಹುಡುಗಿಯರಿಗೆ ಊರ ಬಳಿಯೇ ತಿಂಗಳ ಸಂಬಳ ಸಿಗುವುದಾದರೆ ಅದನ್ನು ಹಗುರವಾಗಿ ಕಾಣುವುದು ತರವಲ್ಲ.

ಅದೇ ಕೊಪ್ಪಳ ಜಿಲ್ಲೆಯಲ್ಲಿಯೇ ಕಿನ್ನಾಳವೂ ಇದೆ. ಅಲ್ಲಿಯ ಚಿತ್ರಗಾರ ಮನೆತನಗಳವರು ಹಗುರವಾದ ಪೊಳ್ಕಿಮರವನ್ನು ಕೆತ್ತಿ, ಸೆಣಬಿನ ಚಿಂದಿಯನ್ನು ನೆನೆಸಿ ಪುಡಿಮಾಡಿ ಹುಣಿಸೆಬೀಜದ ಅಂಟಿನಲ್ಲಿ ಕಲಸಿದ ‘ಕಿಟ್ಟ’ವೆಂಬ ಲೇಪವನ್ನು ಮೆತ್ತಿ, ಗರುಡ, ಹನುಮಂತ, ಗೌರಿಯರಿಗೂ ಹಣ್ಣು ತರಕಾರಿಗಳಿಗೂ ಬಣ್ಣ ಬರೆಯುತ್ತಾರೆ. ಅವರೂ ಬೊಂಬೆಯವರೇ, ಅವರ ಹೆಸರಿಗೂ ಭೌಗೋಳಿಕ ಸೂಚಕದ ನೋಂದಣಿಯಿದೆ. ಮನೆಗಳು ಕೆಲವು ಹತ್ತು ಮಾತ್ರ. ಚನ್ನಪಟ್ಟಣದಲ್ಲಿ ಗೊಂಚಲಿನ ಯೋಜನೆ ಎದುರಿಸುವ ತೊಡಕು ಸದಸ್ಯರು ಹೆಚ್ಚಾದಷ್ಟೂ ಒಮ್ಮತ ಕಷ್ಟವೆಂಬುದಾದರೆ, ಕಿನ್ನಾಳದಲ್ಲಿ ಎಣಿಕೆಗೆ ಸಾಲುವಷ್ಟು ಜನರಿದ್ದಾರೆಯೆ ಎಂಬುದೇ ತೊಡಕು. ಕುಶಲಕರ್ಮಿಗಳ ಸಂಖ್ಯೆಯನ್ನು ನೋಡಿ ಕೋಟಿಗಳನ್ನು ಅಳೆಯುವ ನಿಯಮದಲ್ಲಿ ಕೊನೆಯಲ್ಲುಳಿದ ಹತ್ತಾರು ಮನೆಗಳಿಗೆ ಬೀಳುವ ಪಾಲು ಚಿಕ್ಕದೇ. ಅಲ್ಲಿಯ ಮಕ್ಕಳು ಪಟ್ಟಣದ ಕೆಲಸಗಳಿಗೆ ಹೋದಷ್ಟೂ ಆ ಎಣಿಕೆ ಇನ್ನೂ ಕುಗ್ಗುತ್ತದೆ. ಎಣಿಕೆ ಕುಗ್ಗಿದಷ್ಟೂ ಅನುದಾನದ ಕಾಗದದಲ್ಲಿ ಊರಿನ ಹೆಸರು ಹಿಂದೆ ಸರಿಯುತ್ತದೆ. ಕಿನ್ನಾಳದವರಿಗೆ ಬೇಕಾದುದಾದರೂ ದೊಡ್ಡ ಯಂತ್ರವಲ್ಲ: ಪೊಳ್ಕಿಮರ ಸಕಾಲದಲ್ಲಿ ಸಿಗಬೇಕು, ಕೆಲಸ ಕಲಿಯುವ ಹುಡುಗನಿಗೆ ಕಲಿಯುವಷ್ಟು ವರ್ಷಗಳ ಕಾಲ ಕೈಗೆ ಸಂಬಳ ಬರಬೇಕು, ಮಾಡಿದ ಬೊಂಬೆಗೆ ಹಬ್ಬದ ಮುನ್ನವೇ ಕೊಳ್ಳುವವರು ಗೊತ್ತಾಗಬೇಕು. ಇವಕ್ಕೆ ತಗಲುವ ಮೊತ್ತ ಅಷ್ಟೇನೂ ದೊಡ್ಡದಲ್ಲ. ಯಾವ ಲೆಕ್ಕದ ಶೀರ್ಷಿಕೆಯ ಕೆಳಗೆ ಅದನ್ನು ಬರೆಯಬೇಕೆಂಬುದು ಮಾತ್ರ ಇನ್ನೂ ತೀರ್ಮಾನವಾಗಬೇಕಾಗಿದೆ.